ಗಡೋಲಿನಿಯಮ್‌ಗೆ ದಾವಣಗೆರೆಯ ಬಿಸಿಲು ಆಗಿಬರದು

ರೇರ್ ಅರ್ಥ್ ಗುಂಪಿನ ಗಡೋಲಿನಿಯಮ್ ಲೋಹ ಕಬ್ಬಿಣದ ಹಾಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವುದು ಸುಮಾರು 20 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದು ದಾಟಿತೋ, ಆ ಗುಣ ಕೈಬಿಡುತ್ತದೆ. ದಾವಣಗೆರೆಯಲ್ಲಿ ಜನವರಿಯ ನಸುಕಿಗೆ ಅದು ಅಂಟೀತು. ಏಪ್ರಿಲ್ ಮಧ್ಯಾಹ್ನಕ್ಕೆ ಇಲ್ಲ. ಇಂಥ ಲೋಹವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ತೆಳುಪದರವಾಗಿ ಕೂರಿಸಿ ಅಳೆಯುವುದು ತೋಳಹುಣಸೆಯ ವಿಶ್ವವಿದ್ಯಾಲಯದಲ್ಲೋ ಹರಿಹರದ ಕಾಲೇಜಿನಲ್ಲೋ ಓದುವವರಿಗೆ ತಕ್ಕ ಕೆಲಸವೇ?

ಹೌದು ಎನ್ನುವವರ ಮಾತು ಗಟ್ಟಿಯಾಗಿದೆ. ಪರಮಾಣುವೊಂದರ ಕಾಂತಶಕ್ತಿ ಕಬ್ಬಿಣದಲ್ಲಿ 2.2 ಬೋರ್ ಮ್ಯಾಗ್ನೆಟಾನ್. ಗಡೋಲಿನಿಯಮ್‌ನಲ್ಲಿ ಸುಮಾರು 7.6, ಅದೇ ಗುಂಪಿನ ಡಿಸ್ಪ್ರೋಸಿಯಮ್‌ನಲ್ಲಿ 10ಕ್ಕೂ ಹೆಚ್ಚು. ಬಹುತೇಕ ಚಿಪ್‌ಗಳು ಸಿಲಿಕಾನ್ ಮೇಲೆಯೇ ತಯಾರಾಗುವುದರಿಂದ ಈ ಶಕ್ತಿಯನ್ನು ಅಲ್ಲಿಗೇ ತಂದರೆ ಕಾಂತ ಮತ್ತು ವಿದ್ಯುತ್ ಒಂದೇ ಬಿಲ್ಲೆಯಲ್ಲಿ ಕೆಲಸ ಮಾಡಿಯಾವು.

ಆದರೆ ಡಿಸ್ಪ್ರೋಸಿಯಮ್‌ನ ಆ ಬಲ ಪೂರ್ತಿ ಎಚ್ಚರವಾಗುವುದು ಮೈನಸ್ 185 ಡಿಗ್ರಿಯ ಆಸುಪಾಸಿನಲ್ಲಿ. ಇದೇ ಗುಂಪಿನ ಟರ್ಬಿಯಮ್‌ಗೂ ಮೈನಸ್ 50ಕ್ಕಿಂತ ಕೆಳಗಿನ ಚಳಿ ಬೇಕು. ಇನ್ನು ಸಿಲಿಕಾನ್ ಸುಮ್ಮನೆ ಕೂತು ಹೊರುವ ಮಣೆಯಲ್ಲ: ಬಿಸಿ ಮಾಡಿದರೆ ಈ ಲೋಹಗಳ ಜೊತೆ ಕೂಡಿ ಸಿಲಿಸೈಡ್ ಆಗುತ್ತದೆ. ಅದಕ್ಕೇ ನಡುವೆ ಟ್ಯಾಂಟಲಮ್ ಅಥವಾ ಟಂಗ್‌ಸ್ಟನ್ ಪದರ ಹಾಕುತ್ತಾರೆ. ಮೇಲಿನಿಂದ ಗಾಳಿ ತಾಗಿ ಆಕ್ಸೈಡ್ ಆಗುವ ಕಾಟ ಬೇರೆ. ಹರಿಹರದಲ್ಲಿ ಕಿರ್ಲೋಸ್ಕರ್ ಲೇತುಗಳ ಕಾಲದಿಂದ ಮಿಲಿಮೀಟರಿನ ನೂರನೇ ಒಂದು ಭಾಗ ಹಿಡಿದು ಕೆಲಸ ಮಾಡಿದವರಿದ್ದಾರೆ. 50 ನ್ಯಾನೊಮೀಟರ್ ಪದರ ಅದಕ್ಕಿಂತ ಇನ್ನೂರು ಪಟ್ಟು ತೆಳು. ಅಷ್ಟರಲ್ಲಿ ಕೆಲವೇ ನ್ಯಾನೊಮೀಟರ್ ಆಕ್ಸೈಡ್ ಆದರೂ ಲೆಕ್ಕ ತಪ್ಪುತ್ತದೆ.

ಮಾರುಕಟ್ಟೆ ಒಪ್ಪಿದ್ದು ಮಿಶ್ರಲೋಹವನ್ನು. 1992ರಲ್ಲಿ ಬಂದ ಸೋನಿ ಮಿನಿಡಿಸ್ಕ್‌ನ ಧ್ವನಿ ಬರೆಯಬಲ್ಲ ತಟ್ಟೆಗಳಲ್ಲಿ ಇದ್ದದ್ದು ಟರ್ಬಿಯಮ್-ಕಬ್ಬಿಣ-ಕೋಬಾಲ್ಟ್ ಪದರ. ಗಡೋಲಿನಿಯಮ್-ಕಬ್ಬಿಣ-ಕೋಬಾಲ್ಟ್ ಪದರದ ಕಾಂತದಿಕ್ಕನ್ನು ಬರೀ ಲೇಸರ್ ಮಿಡಿತದಿಂದ ತಿರುಗಿಸಿ ತೋರಿಸಿದ್ದು 2007ರಲ್ಲಿ. ಇವು ಕೋಣೆಯ ಉಷ್ಣತೆಯಲ್ಲೇ ನಡೆಯುತ್ತವೆ. ಆದರೆ ಇಲ್ಲಿ ರೇರ್ ಅರ್ಥ್ ಲೋಹವೂ ಕಬ್ಬಿಣವೂ ಎದುರುಬದುರು ನಿಂತು ಒಂದರ ಬಲವನ್ನು ಇನ್ನೊಂದು ಕಳೆಯುತ್ತವೆ, ಹೊಗಳಿಸಿಕೊಂಡ 7.6ರಲ್ಲಿ ಹೆಚ್ಚಿನದು ಕೈಗೆ ಸಿಗದು.

2025ರ ಏಪ್ರಿಲ್‌ನಲ್ಲಿ ಚೀನಾ ಗಡೋಲಿನಿಯಮ್, ಟರ್ಬಿಯಮ್, ಡಿಸ್ಪ್ರೋಸಿಯಮ್ ಮೂರರ ರಫ್ತಿಗೂ ಲಗಾಮು ಹಾಕಿದ ಮೇಲೆ, ಇಂಥ ಸಂಶೋಧನೆಗೆ ಅದನ್ನೇ ಕಾರಣವಾಗಿ ಮುಂದೊಡ್ಡುವುದು ಸುಲಭ. ನನಗದು ಹಿಡಿಸದು. ಚದರ ಸೆಂಟಿಮೀಟರಿಗೆ 50 ನ್ಯಾನೊಮೀಟರ್ ಪದರವೆಂದರೆ ಸುಮಾರು 40 ಮೈಕ್ರೊಗ್ರಾಂ ಗಡೋಲಿನಿಯಮ್. ಅಭಾವದ ಬಿಸಿ ತಟ್ಟುವುದು ಮೋಟಾರುಗಳ ದಪ್ಪ ಅಯಸ್ಕಾಂತಕ್ಕೆ.

ಸಾಧನ ಮಾಡಬೇಕೆಂದರೆ ನಾನು ಮಿಶ್ರಲೋಹದ ಕಡೆ. ಕಲಿಯಲಿಕ್ಕೆ ಮಾತ್ರ ಅಪ್ಪಟ ಗಡೋಲಿನಿಯಮ್ಮೇ ವಾಸಿ: ದ್ರವ ಹೀಲಿಯಂ ತರಿಸದೆ, ಐಸ್ ನೀರಿನಿಂದ ಬಿಸಿನೀರಿನವರೆಗೆ ಹೋದರೆ ಸಾಕು, ಕಾಂತಗುಣ ಬಂದುಹೋಗುವುದನ್ನು ಹಿಡಿಯಬಹುದು. ಪದರ ಹಾಕಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರ ಹೊರಗಿನವರಿಗೂ ಬಾಗಿಲು ತೆರೆದಿದೆ. ವಾಪಸ್ ರೈಲು ಹತ್ತುವ ಮುಂಚೆ ಪದರದ ಮೇಲೊಂದು ಟ್ಯಾಂಟಲಮ್ ಹೊದಿಕೆ ಹಾಕಿಸಿಕೊಂಡಿರಬೇಕು, ಅಳೆದ ಮೇಲೆ ಅಯಸ್ಕಾಂತಕ್ಕೆ ಸಿಲಿಕಾನ್ ತೋರುವ ಸಣ್ಣ ವಿರೋಧವನ್ನೂ ಲೆಕ್ಕದಿಂದ ಕಳೆಯಬೇಕು.