ಸಂಜೆಯ ಮಂಡಕ್ಕಿ, ನಸುಕಿನ ಒಲೆ

ದಾವಣಗೆರೆಗೆ ಓದಲೆಂದು ಹೊಸದಾಗಿ ಬಂದ ಹುಡುಗನಿಗೆ ಮೊದಲ ಸಂಜೆಯೇ ಒಂದು ಪರೀಕ್ಷೆ ಎದುರಾಗುತ್ತದೆ. ಹೊಟ್ಟೆ ಹಸಿದಿದೆ, ಕಿಸೆಯಲ್ಲಿ ಹೆಚ್ಚು ಹಣವಿಲ್ಲ. ಹಾಸ್ಟೆಲಿನ ಹಳೆಯ ಹುಲಿಯೊಬ್ಬ ಅವನನ್ನು ಕರೆದೊಯ್ದು ಒಂದು ಅಂಗಡಿಯ ಮುಂದೆ ನಿಲ್ಲಿಸುತ್ತಾನೆ. ಅಲ್ಲಿ ಗೋಪುರದಂತೆ ಒಟ್ಟಿದ ಮಂಡಕ್ಕಿ, ಪಕ್ಕದ ಬಾಣಲೆಯಲ್ಲಿ ಚುರ್‌ಗುಟ್ಟುವ ಮೆಣಸಿನಕಾಯಿ. ‘‘ಏನ್ ಕೊಡ್ಲಿ ತಮ್ಮಾ, ಖಾರಾನೋ, ನರ್ಗೀಸೋ?’’ ಎಂದು ಅಂಗಡಿಯಾತ ಕೇಳುತ್ತಾನೆ. ಹುಡುಗ ತಬ್ಬಿಬ್ಬು. ನರ್ಗೀಸ್ ಎಂದರೆ ಅವನ ಅಜ್ಜನ ಕಾಲದ ಸಿನಿಮಾ ನಟಿ. ಇಲ್ಲಿ ನೋಡಿದರೆ ಅದು ಕಾಗದದ ಮೇಲೆ ಬಂದು ಕೂರುವ ತಿಂಡಿ!

ಈ ಹೆಸರುಗಳ ಗೊಂದಲ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಂಗಳೂರು ಕಡೆಯಿಂದ ಬಂದವನು ಅದೇ ಕಾಳನ್ನು ಪುರಿ ಎನ್ನುತ್ತಾನೆ. ಧಾರವಾಡದವನಿಗೆ ಅದು ಚುರುಮುರಿ. ರಾಯಚೂರಿನವನಿಗೆ ಮಂಡಾಳು. ಒಂದೇ ಕೋಣೆಯಲ್ಲಿ ಮೂವರಿದ್ದರೆ ಮೂರು ಹೆಸರು, ಒಂದೇ ಪೊಟ್ಟಣ. ಮೊದಲ ಸೆಮಿಸ್ಟರು ಮುಗಿಯುವುದರೊಳಗೆ ಮೂವರೂ ‘ಮಂಡಕ್ಕಿ’ ಎನ್ನತೊಡಗಿರುತ್ತಾರೆ. ಅಲ್ಲಿಗೆ ಊರು ಅವರನ್ನು ಒಪ್ಪಿಕೊಂಡಿತೆಂದೇ ಅರ್ಥ.

ಬೆಣ್ಣೆದೋಸೆಯ ಕೀರ್ತಿ ದೊಡ್ಡದು, ಅದನ್ನು ಹುಡುಕಿಕೊಂಡು ಹೊರಗಿನವರು ಬರುತ್ತಾರೆ. ಊರಿನವರ ನಿತ್ಯದ ಸಂಗಾತಿ ಮಾತ್ರ ಮಂಡಕ್ಕಿ, ಮೆಣಸಿನಕಾಯಿಯೇ. ಹತ್ತಿಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತ್ತು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ಬಂದ ವಿಶ್ವವಿದ್ಯಾನಿಲಯ, ಹೀಗೆ ಊರು ನೂಲಿನಿಂದ ಪುಸ್ತಕಕ್ಕೆ ಹೊರಳಿತು. ಕೂಲಿಕಾರರು ನಿಂತಲ್ಲೇ ಈಗ ವಿದ್ಯಾರ್ಥಿಗಳು ನಿಂತಿದ್ದಾರೆ. ಕೈಯಲ್ಲಿ ಮಾತ್ರ ಅದೇ ಮಂಡಕ್ಕಿ.

ಬೆಳಿಗ್ಗೆ ಹರಿಹರದಿಂದ, ಅದರಾಚೆಯ ಸಾರಥಿಯಂಥ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರಿಗೆ ಕಿಟಕಿಯಲ್ಲೇ ಇನ್ನೊಂದು ತಮಾಷೆ ಕಾಣಸಿಗುತ್ತದೆ. ಒಂದು ಸೈಕಲ್ಲು, ಅದರ ಮೇಲೆ ಆಳೆತ್ತರದ ಮೂಟೆಗಳು. ತುಳಿಯುವವನ ಕಾಲಷ್ಟೇ ಕಾಣುತ್ತವೆ. ಗುಡ್ಡವೇ ಹೊರಟಂತೆ ಭಾಸ. ಅಯ್ಯೋ ಪಾಪ ಎನ್ನುವಷ್ಟರಲ್ಲಿ ಆತ ಸರಕ್ಕನೆ ಬಸ್ಸಿನ ಪಕ್ಕದಲ್ಲೇ ನುಸುಳಿ ಮುಂದೆ ಹೋಗಿರುತ್ತಾನೆ. ಮಂಡಕ್ಕಿಯ ಮೂಟೆ ನೋಟಕ್ಕೆ ಗುಡ್ಡ, ತೂಕಕ್ಕೆ ಹತ್ತಿ. ಅದಕ್ಕೇ ನಮ್ಮ ಹಿರಿಯರು ಅದನ್ನು ತೂಗಿ ಮಾರದೆ ಸೇರಿನಲ್ಲಿ ಅಳೆದು ಮಾರಿದರು.

ಆ ಸೈಕಲ್ಲು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಹಳೆಯ ಊರಿನ ಅಂಚಿನಲ್ಲಿ ಒಂದು ಬಡಾವಣೆ ಸಿಗುತ್ತದೆ. ಅದರ ಹೆಸರೇ ಮಂಡಕ್ಕಿ ಭಟ್ಟಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ನಾಲ್ಕು ವರ್ಷವೂ ಮಂಡಕ್ಕಿ ತಿಂದು, ಈ ಕೇರಿಯನ್ನು ಒಮ್ಮೆಯೂ ನೋಡದೆ ಪದವಿ ಪಡೆದು ಹೋದವರು ಎಷ್ಟೋ ಮಂದಿ. ನೋಡಿದ್ದರೆ ಪಠ್ಯಪುಸ್ತಕದ ಒಂದು ಪಾಠ ಕಣ್ಣೆದುರೇ ನಡೆಯುವುದು ಕಾಣುತ್ತಿತ್ತು.

ಭತ್ತವನ್ನು ನೆನೆಹಾಕಬೇಕು, ಬೇಯಿಸಬೇಕು, ಬಿಸಿಲಿಗೆ ಹರವಿ ಒಣಗಿಸಬೇಕು, ಸಿಪ್ಪೆ ಬಿಡಿಸಬೇಕು. ಹಸಿ ಭತ್ತದ ಅಕ್ಕಿಯನ್ನು ಹಾಗೇ ಹುರಿದರೆ ಅದು ಕೆಂಪಗಾಗುತ್ತದೆಯೇ ಹೊರತು ಅರಳುವುದಿಲ್ಲ. ಬೇಯಿಸಿದಾಗ ಕಾಳಿನೊಳಗಿನ ಪಿಷ್ಟ ಅಂಟಿನಂತಾಗಿ, ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾದ ಬಿಸಿಯಲ್ಲಿ ಕಾಯಿಸಿ, ಕೊನೆಗೆ ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಾರೆ. ಮರಳಿನ ಬಿಸಿ ಸುಮಾರು 250 ಡಿಗ್ರಿ. ಕಾಳಿನೊಳಗೆ ಉಳಿದಿದ್ದ ಚೂರು ತೇವ ಒಮ್ಮೆಲೇ ಹಬೆಯಾಗುತ್ತದೆ. ಹೊರಗೆ ದಾರಿಯಿಲ್ಲ. ಕಾಳೇ ಉಬ್ಬಿ ಎಂಟು ಹತ್ತು ಪಟ್ಟು ದೊಡ್ಡದಾಗುತ್ತದೆ. ಇಷ್ಟೆಲ್ಲ ನಡೆಯುವುದು ಹತ್ತೇ ಸೆಕೆಂಡಿನಲ್ಲಿ. ಹನ್ನೊಂದನೆಯ ಸೆಕೆಂಡಿಗೆ ಕೈ ತಡವಾದರೆ ಮಂಡಕ್ಕಿ ಕಪ್ಪಾಯಿತೆಂದೇ ಲೆಕ್ಕ. ಮರುಕ್ಷಣ ಎಲ್ಲವೂ ಜರಡಿಗೆ. ಮರಳು ಕೆಳಗೆ, ಮಲ್ಲಿಗೆಯಂಥ ಮಂಡಕ್ಕಿ ಮೇಲೆ. ಮರಳೇ ಏಕೆ ಬೇಕು? ಬರೀ ಬಾಣಲೆಯಾದರೆ ಕಾಳಿಗೆ ತಳದಿಂದ ಮಾತ್ರ ಬಿಸಿ ತಾಗುತ್ತದೆ, ಮರಳಾದರೆ ಸುತ್ತಲಿಂದಲೂ ಒಂದೇ ಸಮನಾಗಿ ತಾಗುತ್ತದೆ. ಭೌತಶಾಸ್ತ್ರದ ಮೇಷ್ಟ್ರು ಹಲಗೆಯ ಮೇಲೆ ಬಿಡಿಸಿ ತೋರಿಸುವುದನ್ನು ಇಲ್ಲಿನ ಹೆಂಗಸರು, ಗಂಡಸರು ಶಾಲೆಯ ಮುಖ ನೋಡದೆಯೇ ಕೈಯಲ್ಲಿ ಕಲಿತಿದ್ದಾರೆ.

ಇನ್ನು ಒಲೆಯ ಮಾತು. ನಸುಕಿನಲ್ಲೇ ಹೊತ್ತಿಸಿದ ಒಲೆ ಹೊತ್ತೇರುವ ತನಕ ಒಂದೇ ಸಮನೆ ಉರಿಯಬೇಕು. ಸೌದೆ ದುಬಾರಿ. ಭತ್ತದ ಹೊಟ್ಟು ಅಗ್ಗ, ಅದಕ್ಕಿಂತ ಧಗಧಗನೆ ಉರಿಯುವುದು ಹಳೆಯ ಟೈರು. ಹೀಗಾಗಿ ಲಾರಿ, ಸ್ಕೂಟರುಗಳ ಸವೆದ ಟೈರುಗಳು ವರ್ಷಗಟ್ಟಲೆ ಈ ಒಲೆಗಳ ಬಾಯಿಗೆ ಬಿದ್ದವು. ರಬ್ಬರು ಸುಟ್ಟರೆ ಏಳುವ ಕರಿಹೊಗೆಯಲ್ಲಿ ಮಸಿ ಇರುತ್ತದೆ, ಗಂಧಕದ ಡೈಆಕ್ಸೈಡ್ ಇರುತ್ತದೆ, ಕ್ಯಾನ್ಸರ್ ತರಬಲ್ಲ ಬೆಂಜೀನ್ ಇರುತ್ತದೆ. ಊರಿನ ಉಳಿದ ಭಾಗಕ್ಕೆ ಅದು ಆಕಾಶದಂಚಿನ ಕಪ್ಪು ಗೆರೆ, ಓಣಿಯೊಳಗಿನವರಿಗೆ ಅದು ಉಸಿರು. ಟೈರು ಸುಡಬಾರದೆಂದು ಅಧಿಕಾರಿಗಳು ಹೇಳುವುದು ಸರಿಯೇ. ಆದರೆ ಮೂಟೆಯೊಂದಕ್ಕೆ ಸಿಗುವ ಬಿಡಿಗಾಸಿನಲ್ಲಿ ಸೌದೆ ಕೊಂಡು ಉರಿಸಿ ಎಂದರೆ ಭಟ್ಟಿಯವನು ಯಾರ ಮುಖ ನೋಡಬೇಕು? ಮಂಡಕ್ಕಿ ಅಗ್ಗವಾಗಿ ಸಿಗಬೇಕೆಂದು ಬಯಸುವ ನಾಲಿಗೆಗೂ ಆ ಹೊಗೆಗೂ ನೇರ ಸಂಬಂಧವಿದೆ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳನ್ನು ಹೆಸರಿಸಿದಾಗ ದಾವಣಗೆರೆಯೂ ಅದರಲ್ಲಿತ್ತು. ಊರು ಸಲ್ಲಿಸಿದ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಬಡಾವಣೆಯ ಸುಧಾರಣೆ ಮುಖ್ಯ ಅಂಶವಾಗಿತ್ತು. ಹೊಗೆ ಕಾರುವ ಓಣಿಯೇ ಊರಿಗೆ ‘ಸ್ಮಾರ್ಟ್’ ಪದವಿ ಗಿಟ್ಟಿಸಲು ನೆರವಾಯಿತೆಂದರೆ ಇದೂ ಒಂದು ವಿಚಿತ್ರವೇ.

ಹೊಗೆಗಿಂತ ಕಠಿಣವಾದ ಪ್ರಶ್ನೆ ಮಕ್ಕಳದು. ಭಟ್ಟಿಯೆಂದರೆ ಕಾರ್ಖಾನೆಯಲ್ಲ, ಅದು ಮನೆಯ ಮುಂದುವರಿಕೆ. ಅಪ್ಪ ಮರಳು ತಿರುವಿದರೆ ಅಮ್ಮ ಜರಡಿ ಹಿಡಿಯುತ್ತಾಳೆ. ಭತ್ತ ಕಾಯುವುದು, ಚೀಲದ ಬಾಯಿ ಹಿಡಿಯುವುದು, ಹೊಟ್ಟು ತಂದು ಒಲೆಗೆ ಹಾಕುವುದು ಇಂಥ ಚಿಲ್ಲರೆ ಕೆಲಸಗಳು ತಾವಾಗಿಯೇ ಚಿಕ್ಕ ಕೈಗಳಿಗೆ ಬರುತ್ತವೆ. ‘‘ಅರ್ಧ ತಾಸು ನಿಲ್ಲು ಬೇಟಾ, ಆಮೇಲೆ ಹೋಗುವಿಯಂತೆ’’ ಎಂಬ ಮಾತಿನಲ್ಲಿ ಕ್ರೌರ್ಯವೇನೂ ಇಲ್ಲ. ಆದರೆ ಆ ಅರ್ಧ ತಾಸಿನಲ್ಲೇ ಶಾಲೆಯ ಗಂಟೆ ಹೊಡೆದಿರುತ್ತದೆ.

ಕಾನೂನು ಏನನ್ನುತ್ತದೆ? 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎನ್ನುವ ಕಾಯ್ದೆ 2009ರಲ್ಲಿ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಾಲಕಾರ್ಮಿಕರ ಕುರಿತ 1986ರ ಕಾಯ್ದೆಯನ್ನು 2016ರಲ್ಲಿ ತಿದ್ದಿ, 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ಗಟ್ಟಿ ಮಾಡಲಾಯಿತು. ಅದೇ ತಿದ್ದುಪಡಿಯಲ್ಲಿ ಒಂದು ಕಿಂಡಿಯೂ ಇದೆ. ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಮಗು ನೆರವಾಗಬಹುದು. ರೈತನ ಮಗ ಎಮ್ಮೆ ಮೇಯಿಸಿದರೆ, ದರ್ಜಿಯ ಮಗಳು ಗುಂಡಿ ಹಚ್ಚಿದರೆ ತಪ್ಪೇನು ಎಂಬುದು ಅದರ ಹಿಂದಿನ ವಿಚಾರ. ಒಪ್ಪತಕ್ಕ ವಿಚಾರವೇ. ಕಾದ ಮರಳಿನ ಮುಂದೆ, ಕರಿಹೊಗೆಯ ನಡುವೆ ಕುಳಿತ ಮಗುವಿಗೆ ಇದನ್ನು ಅನ್ವಯಿಸಿದಾಗ ಮಾತ್ರ ಅದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಕುಟುಂಬದ ಕಸುಬು ಎಲ್ಲಿ ಮುಗಿಯುತ್ತದೆ, ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಬೇಕಾದ ಜಾಗ ಇದೇ ಓಣಿ.

ಇದಕ್ಕೆ ಇನ್ನೊಂದು ಎಡವಟ್ಟೂ ಸೇರಿಕೊಂಡಿದೆ. ಮಳೆಗಾಲದಲ್ಲಿ ಭತ್ತ ಒಣಗುವುದಿಲ್ಲ, ಭಟ್ಟಿಗೆ ಬಿಡುವು ಹೆಚ್ಚು. ಬಯಲುಸೀಮೆಯ ಬಿಸಿಲು ಕಾಯತೊಡಗುವುದು ಫೆಬ್ರುವರಿ, ಮಾರ್ಚಿನಲ್ಲಿ. ಬೆಳಿಗ್ಗೆ ಹರವಿದ ಭತ್ತ ಬೇಗನೆ ಹದಕ್ಕೆ ಬರುವ ದಿನಗಳವು. ಮೇಷ್ಟ್ರುಗಳು ಮಕ್ಕಳಿಗೆ ಪುನರ್ಮನನ ಮಾಡಿಸುವುದೂ, ಎಸ್ಸೆಸ್ಸೆಲ್ಸಿಯ ಗಡಿಬಿಡಿ ಶುರುವಾಗುವುದೂ ಆಗಲೇ. ಮಗನಿಗೆ ಟ್ಯೂಷನ್ನು ಸಾಲದೆಂದು ಬೇರೆ ಬಡಾವಣೆಗಳ ತಾಯಿತಂದೆಯರು ಚಡಪಡಿಸುವ ತಿಂಗಳಲ್ಲಿ, ಭಟ್ಟಿಯ ಮನೆಯಲ್ಲಿ ಬಿಸಿಲು ಒಂದು ದಿನವೂ ದಂಡವಾಗಬಾರದೆಂಬ ಚಡಪಡಿಕೆ.

ಅದರ ನಡುವೆಯೇ ಓದಿ ಪಾಸಾಗುವ ಮಕ್ಕಳೂ ಇದ್ದಾರೆ. ಅಂಗಳದಲ್ಲಿ ಹರವಿದ ಭತ್ತಕ್ಕೆ ಕೋಳಿ ಬಾಯಿಡದಂತೆ ಕಾಯಲು ಕೂತ ಹುಡುಗಿಯ ತೊಡೆಯ ಮೇಲೆ ವಿಜ್ಞಾನದ ಪುಸ್ತಕ, ಪಕ್ಕದಲ್ಲಿ ಒಂದು ಕೋಲು. ಶಾಖದ ಪಾಠ ಬಂದಾಗ ಅವಳು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಒಳಗಿನಿಂದ ಅಮ್ಮ ಕರೆದರೆ ಪುಟಕ್ಕೆ ಭತ್ತದ ಕಾಳೊಂದನ್ನೇ ಗುರುತಿಟ್ಟು ಏಳುತ್ತಾಳೆ. ಚೀಲದ ಬಾಯಿ ಹಿಡಿಯಬೇಕು, ಸೈಕಲ್ಲಿನವನು ಬರುವ ಹೊತ್ತಾಯಿತು. ಸಂಜೆ ಐದಕ್ಕೆಲ್ಲ ಮೂಟೆಗಳು ಅಂಗಡಿ ಮುಟ್ಟಿರಬೇಕು.