ನೋಟವೂ ಫೋಟೋವೂ

ಒಂದು ಸ್ಥಳವನ್ನು ಹೊಗಳಬೇಕಾದರೆ "ಅಲ್ಲಿ ಫೋಟೋ ಬಹು ಚೆನ್ನಾಗಿ ಬರುತ್ತವೆ" ಎಂದು ಹೇಳುವ ಹೊಸ ರೂಢಿಯು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೊದಲಾದ ಊರುಗಳ ಸುಶಿಕ್ಷಿತ ಮನೆತನಗಳಲ್ಲಿಯೂ ಈಗ ನೆಲೆಯೂರಿದೆ. ಹಿಂದೆ ಯಾತ್ರೆಯಿಂದ ತಿರುಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳುತ್ತಿದ್ದರು, ಈಗ "ಎಷ್ಟು ತೆಗೆದಿರಿ?" ಎಂದು ಕೇಳುವರು. ಪ್ರಶ್ನೆಯು ಬದಲಾದ ಮೇಲೆ ಉತ್ತರವೂ ಬದಲಾಗತಕ್ಕದ್ದೇ. ನೂರು, ಇನ್ನೂರು ಎಂದು ಸಂಖ್ಯೆಯಲ್ಲಿ ಉತ್ತರವು ಬರುತ್ತದೆ. ಕಂಡದ್ದೇನೆಂಬದು ಮಾತ್ರ ಹೊರಬೀಳುವದಿಲ್ಲ. ಇದು ಬರಿಯ ಮಾತಿನ ಬದಲಾವಣೆಯೆಂದು ಸುಮ್ಮನಿರುವ ಸಜ್ಜನರು ಬಹು ಮಂದಿ ಇರುವರು. ಮಾತಿನದಾಗಿದ್ದರೆ ಚಿಂತೆಯಿರಲಿಲ್ಲ. ಇದು ಕಣ್ಣಿನ ಬದಲಾವಣೆ. ನೋಡುವ ಕಣ್ಣೇ ಇಲ್ಲದ ಮೇಲೆ ಕಲೆಗೆ ಎಷ್ಟು ದೊಡ್ಡ ಮನೆಯನ್ನು ಕಟ್ಟಿ ಫಲವೇನು?

ಒಂದು ರವಿವಾರ ರಾಣೇಬೆನ್ನೂರಿನ ತರುಣ ಗೃಹಸ್ಥನೊಬ್ಬನು ಬ್ಯಾಡಗಿಯ ತನ್ನ ಗೆಳೆಯನನ್ನು ಕೂಡಿಕೊಂಡು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿಬಂದನು. ಇಬ್ಬರೂ ಪದವೀಧರರು, ಇಬ್ಬರೂ ಒಳ್ಳೆಯ ಮನೆಯ ಮಕ್ಕಳು. ಒಬ್ಬನದು ಬೀಜದ ವ್ಯಾಪಾರ, ಇನ್ನೊಬ್ಬನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಮೋಟೆಬೆನ್ನೂರು, ಹಾವೇರಿ, ಬಂಕಾಪುರದ ಕ್ರಾಸು, ಶಿಗ್ಗಾಂವಿಗಳನ್ನು ಹೆದ್ದಾರಿಯ ಮೇಲೆ ಹಿಂದಕ್ಕೆ ಹಾಕಿ ಮುಂಜಾನೆ ಹತ್ತಕ್ಕೆ ಅಲ್ಲಿ ಮುಟ್ಟಿದರು. ಟಿಕೀಟು ಕೊಂಡು ಒಳಹೊಕ್ಕವರು ಮಾಡಿದ್ದು ಇಷ್ಟು: ಒಂದು ಪ್ರತಿಮೆಯ ಮಗ್ಗುಲಿಗೆ ಒಬ್ಬನು ನಿಲ್ಲುವದು, ಇನ್ನೊಬ್ಬನು ಮೊಬೈಲನ್ನು ಹಿಡಿಯುವದು, ಬಳಿಕ ಇವನು ನಿಲ್ಲುವದು, ಅವನು ಹಿಡಿಯುವದು, ಆಮೇಲೆ ಇಬ್ಬರೂ ತಲೆಗೆ ತಲೆ ಹಚ್ಚಿ ಕೈಯನ್ನು ಮುಂದಕ್ಕೆ ಚಾಚಿ ಸೆಲ್ಫಿ ತೆಗೆಯುವದು, ತೆಗೆದ ಚಿತ್ರವನ್ನು ನೋಡಿ, ಕೂದಲು ಹಾರಿದ್ದರೆ ಮತ್ತೊಮ್ಮೆ ನಿಲ್ಲುವದು. ಪ್ರತಿಮೆಯನ್ನು ಅವರು ಕಂಡದ್ದು ಒಂದೇ ಸಲ, ಬೆನ್ನು ತಿರುಗಿಸುವ ಮುಂಚಿನ ಕ್ಷಣದಲ್ಲಿ. ಮೂರು ತಾಸಿನಲ್ಲಿ ಇನ್ನೂರ ಹದಿನಾಲ್ಕು ಚಿತ್ರಗಳಾದವು. ಅವುಗಳಲ್ಲಿ ಈ ಇಬ್ಬರ ಮುಖವಿಲ್ಲದ ಚಿತ್ರವು ಒಂದೂ ಇಲ್ಲ.

ಈ ಉದ್ಯಾನವು ಎಂಥದೆಂಬದನ್ನು ಒಮ್ಮೆ ಯೋಚಿಸಿದರೆ ಇದರ ವಿಪರೀತವು ತಿಳಿದೀತು. ಕಲಾವಿದ ಡಾ. ಟಿ. ಬಿ. ಸೊಲಬಕ್ಕನವರರು ಶಿಗ್ಗಾಂವಿಯ ಸೀಮೆಯಲ್ಲಿ ದೊಡ್ಡಾಟಕ್ಕೆ ಮರಳಿ ಜೀವ ಬರಿಸಲು ದುಡಿದವರು. ಅದೇ ಹಂಬಲದಿಂದ ಹಳ್ಳಿಯ ಬಾಳುವೆಯನ್ನೂ ಆಳೆತ್ತರದ ಪ್ರತಿಮೆಗಳಲ್ಲಿ ಹಿಡಿದಿಟ್ಟರು. ಸಾವಿರಕ್ಕೂ ಮೇಲ್ಪಟ್ಟ ಪ್ರತಿಮೆಗಳು ಅಲ್ಲಿರುವವು. ಉಳುವವರು, ನೇಯುವವರು, ಕುಲುಮೆಯ ಮುಂದೆ ಕುಳಿತವರು, ಅಡಿಗೆಮನೆಯ ಹೆಂಗಸರು, ದನಕರುಗಳು, ಒಟ್ಟಿನಲ್ಲಿ ಐವತ್ತು ವರುಷಗಳ ಹಿಂದೆ ಬ್ಯಾಡಗಿ ಸೀಮೆಯ ಯಾವ ಹಳ್ಳಿಯಲ್ಲಿಯಾದರೂ ಎದ್ದು ತಿರುಗಾಡುತ್ತಿದ್ದ ಜನವೇ ಅಲ್ಲಿ ನಿಂತಿದೆ. ಡಾ. ರಾಜಕುಮಾರರ ಪಾತ್ರಗಳೂ ಅಲ್ಲಿವೆ. ಅವುಗಳ ಮುಂದೆ ಜನಸಂದಣಿಯು ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ. ಸೊಲಬಕ್ಕನವರರು 2020ರಲ್ಲಿ ತೀರಿಕೊಂಡರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಒಂದು ಊರಿನಲ್ಲಿ ಇಂಥ ಎರಡು ಕೂಡಿಬಂದದ್ದು ಹಾವೇರಿ ಜಿಲ್ಲೆಯ ಭಾಗ್ಯವೆನ್ನಬೇಕು. ಈ ಪ್ರತಿಮೆಗಳ ಉದ್ದೇಶವು ನೆನಪು ಮಾಡಿಕೊಡುವದು. ರಂಟೆ, ಕುಂಟೆ, ಕೂರಿಗೆ, ಮೇಟಿ, ಹಂತಿ, ಹಗೇವು ಎಂಬ ಶಬ್ದಗಳು ನಾಲಗೆಯಿಂದ ಜಾರುತ್ತಿರುವ ಕಾಲದಲ್ಲಿ ಅವುಗಳ ಅರ್ಥವನ್ನು ಕಣ್ಣಿನ ಮುಂದೆ ನಿಲ್ಲಿಸುವದು. ನಿಘಂಟು ಮಾಡಬೇಕಾದ ಕೆಲಸವನ್ನು ಇಲ್ಲಿ ಪ್ರತಿಮೆಯು ಮಾಡುತ್ತಿದೆ. ಆ ನಿಘಂಟಿಗೆ ಬೆನ್ನು ಮಾಡಿ ನಿಂತು ಹಲ್ಲು ಕಿರಿಯುವವನು ಯಾವ ಶಬ್ದವನ್ನು ಓದಿದಂತಾಯಿತು?

ಬ್ಯಾಡಗಿಯ ಗೆಳೆಯನ ವಿಷಯದಲ್ಲಿ ಇದು ಇನ್ನೂ ಸೋಜಿಗದ ಮಾತು. ಬ್ಯಾಡಗಿ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕಾಗಿ ಹೆಸರಾದದ್ದು. ಬಣ್ಣ ಹಿಂಡುವ ಕಾರಖಾನೆಗಳವರು ಅದಕ್ಕಾಗಿಯೇ ಅದನ್ನು ಕೊಳ್ಳುವರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬರಿಯ ಬಣ್ಣದ ಮಾಲು ಎಂದ ಮಾತ್ರಕ್ಕೆ ದಲಾಲನು ದೂರದಿಂದ ನೋಡಿ ಬೆಲೆ ಕಟ್ಟುವನೇ? ಇಲ್ಲ. ಚೀಲದೊಳಗೆ ಮೊಣಕೈಯವರೆಗೆ ಕೈ ಹಾಕುವನು, ತಳದ ಕಾಯಿಯನ್ನು ತೆಗೆಯುವನು, ಸುಕ್ಕನ್ನು ನೋಡುವನು, ಮುರಿದು ಮೂಸುವನು, ಕಡ್ಡಿಯೋ ಡಬ್ಬಿಯೋ ಎಂದು ವಿಂಗಡಿಸುವನು. ಒಂದು ಮೆಣಸಿನಕಾಯಿಗೆ ಇಷ್ಟು ಕಣ್ಣು ಕೊಡಬಲ್ಲವನು ಒಬ್ಬ ಶಿಲ್ಪಿಯ ಆಯುಷ್ಯದ ದುಡಿಮೆಗೆ ಅದರ ಅರ್ಧವನ್ನೂ ಕೊಡಲಾರನೆಂದರೆ ಕೊರತೆಯು ಕಣ್ಣಿನದಲ್ಲ, ಆದರದ್ದು. ರಾಣೇಬೆನ್ನೂರಿನವನಿಗೂ ಪಾಠ ಹೇಳುವವರು ದೂರದಲ್ಲಿಲ್ಲ. 1974ರಿಂದ ಅವನ ಊರ ಹತ್ತಿರ ಕೃಷ್ಣಮೃಗಗಳ ಅಭಯಾರಣ್ಯವಿದೆ. ಅಲ್ಲಿ ಸದ್ದಿಲ್ಲದೆ ಕುಳಿತು ಕಾಯುವವನಿಗಷ್ಟೇ ಮೃಗದ ದರ್ಶನ. ಗದ್ದಲ ಮಾಡಿದವನಿಗೆ ಕಾಣುವದು ಧೂಳು ಮಾತ್ರ. ಪ್ರತಿಮೆಯು ಓಡಿಹೋಗುವದಿಲ್ಲವೆಂಬ ಧೈರ್ಯದಿಂದಲೇ ಜನರು ಅದನ್ನು ನೋಡದೆ ಬಿಡುವರೋ ಏನೋ!

ಪ್ರಾಚೀನ ಆಲಂಕಾರಿಕರು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರಿಸಿರುವರು. ಶಂಕುಕನದೆಂದು ಅಭಿನವಗುಪ್ತನು ತಿಳಿಸುವ ಚಿತ್ರತುರಗನ್ಯಾಯವು ಪ್ರಸಿದ್ಧವಾದದ್ದು. ಚಿತ್ರದಲ್ಲಿಯ ಕುದುರೆಯನ್ನು ನೋಡಿದಾಗ ಉಂಟಾಗುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಅದು ಬೇರೆಯೇ ಒಂದು ಬಗೆಯದು. ಗೊಟಗೋಡಿಯ ಎತ್ತಿನ ಮುಂದೆ ನಿಂತವನಿಗೆ ಆಗಬೇಕಾದದ್ದು ಈ ಅರಿವು. ಅದರ ಕೊರಳನ್ನು ತಬ್ಬಿ ನಿಂತವನಿಗೆ ಅದು ನಿಜವಾದ ಎತ್ತೂ ಅಲ್ಲ, ಚಿತ್ರದ ಎತ್ತೂ ಅಲ್ಲ, ಒರಗಿಕೊಳ್ಳುವ ಕಟ್ಟೆ! ಇನ್ನು ಭಟ್ಟನಾಯಕನು ಹೇಳಿದ ಸಾಧಾರಣೀಕರಣ. ಇದು ನನ್ನದು, ಇದು ಪರರದು ಎಂಬ ಭಾವವು ಅಳಿದಲ್ಲದೆ ರಸಾಸ್ವಾದವಿಲ್ಲವೆಂಬದು ಅದರ ತಿರುಳು. ನಾಟ್ಯಗೃಹದಲ್ಲಿ ಕುಳಿತವನು ತನ್ನ ಹೆಸರು, ಕುಲ, ಸಾಲಸೋಲಗಳನ್ನು ಕ್ಷಣಕಾಲ ಮರೆಯುವನು, ಮರೆತುದರಿಂದಲೇ ಸವಿಯುವನು. ಸೆಲ್ಫಿಯ ಮರ್ಮವು ಇದಕ್ಕೆ ಪೂರ್ಣವಾಗಿ ತಲೆಕೆಳಗಾದದ್ದು. "ನಾನು ಇಲ್ಲಿದ್ದೆ, ಇದು ನನ್ನ ಹಿಂದಿತ್ತು" ಎಂದು ಸಾರುವದೇ ಅದರ ಕೆಲಸ. ತನ್ನನ್ನು ಮರೆಯಬೇಕಾದ ಎಡೆಯಲ್ಲಿ ತನ್ನನ್ನೇ ನೆಡುವ ಈ ವಿದ್ಯೆಗೆ ರಸದ ಬಾಗಿಲು ಹೇಗೆ ತೆರೆದೀತು?

ತಮ್ಮ ಚಿತ್ರವನ್ನು ತಾವು ನೋಡಿಕೊಳ್ಳುವದೇ ದೋಷವೆಂದು ಇದರ ತಾತ್ಪರ್ಯವಲ್ಲ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವು ಚಿತ್ರಶಾಲೆಗೆ ಹೋದವರ ಕಥೆಯೇ. ರಾಮನ ಚರಿತ್ರವನ್ನು ಗೋಡೆಯ ಮೇಲೆ ಚಿತ್ರಕಾರನು ಬರೆದು ಮುಗಿಸಿರುವನೆಂದು ಲಕ್ಷ್ಮಣನು ಬಂದು ಹೇಳುವನು; ರಾಮ, ಸೀತೆ, ಲಕ್ಷ್ಮಣ ಮೂವರೂ ಕೂಡಿ ನೋಡುವರು. ಚಿತ್ರದಲ್ಲಿರುವವರೂ ಅವರೇ, ನೋಡುವವರೂ ಅವರೇ. ಆದರೆ ಎಂಥ ನೋಟವದು! ಮಿಥಿಲೆಯ ಮದುವೆಯ ಚಿತ್ರದಲ್ಲಿ ಲಕ್ಷ್ಮಣನು ಎಲ್ಲ ವಧುಗಳನ್ನೂ ತೋರಿಸಿ ಊರ್ಮಿಳೆಯನ್ನು ಮಾತ್ರ ಹಾರಿಸುವನು, ಸೀತೆಯು ಅವಳತ್ತ ಬೆರಳು ಮಾಡಿ "ಇವಳಾರು?" ಎಂದು ಕೇಳಿ ಅವನನ್ನು ನಾಚಿಸುವಳು. ಮಂಥರೆಯ ಚಿತ್ರವು ಬಂದಾಗ ರಾಮನು ಏನೂ ನುಡಿಯದೆ ಮುಂದಿನದಕ್ಕೆ ಸರಿಯುವನು. ಶೂರ್ಪನಖಿಯನ್ನು ಕಂಡು ಸೀತೆಯು ನಿಜವಾಗಿಯೇ ಬೆದರುವಳು. ಇದು ಚಿತ್ರವೆಂದು ರಾಮನು ನೆನಪು ಮಾಡಿಕೊಡಬೇಕಾಗುವದು. ಕಡೆಗೆ ಆ ಕಾಡುಗಳನ್ನು ಮತ್ತೊಮ್ಮೆ ತಿರುಗಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆಯು ಗರ್ಭಿಣಿಯಾದ ಅವಳಲ್ಲಿ ಹುಟ್ಟುವದು. ಆ ಬಯಕೆಯ ರಥವೇ ಅವಳನ್ನು ಕಾಡಿಗೆ ಒಯ್ದು ಬಿಡುವದು. ಒಂದು ಗೋಡೆಯ ಚಿತ್ರವು ನೋಡಿದವರ ಬಾಳನ್ನೇ ತಿರುಗಿಸಿತು. ನಗೆ, ನಾಚಿಕೆ, ಮೌನ, ಭಯ, ಹಂಬಲ ಇವೆಲ್ಲ ಒಂದು ಹೊತ್ತಿನ ನೋಟದಲ್ಲಿ ಅಡಗಿದ್ದವು. ಇನ್ನೂರ ಹದಿನಾಲ್ಕು ಚಿತ್ರಗಳಲ್ಲಿ ಕಾಣುವದು ಒಂದೇ ನಗೆ, ಅದೂ ಎಣಿಸಿ ನಕ್ಕದ್ದು.

ಇದಕ್ಕೆ ಪ್ರತಿವಾದಿಗಳು ಹೇಳುವ ಮಾತುಗಳು ಎರಡು ಮೂರು ಇವೆ; ಅವುಗಳನ್ನು ಹಾಗೆಯೇ ತಳ್ಳಿಬಿಡುವದು ನ್ಯಾಯವಲ್ಲ. ಮೊದಲನೆಯದು, ಫೋಟೋದ ಆಸೆಯಿಂದಲಾದರೂ ಜನರು ಬರುವರು, ಅವರ ಟಿಕೀಟಿನ ಹಣದಿಂದ ಸಂಸ್ಥೆಯು ನಡೆಯುವದು ಎಂಬದು. ಇದು ನಿಜ. ಸಿಮೆಂಟಿನ ಪ್ರತಿಮೆಗೂ ಮಳೆಬಿಸಿಲುಗಳುಂಟು; ಬಣ್ಣ ಬಳಿಯುವ ಕೈಗೆ ಕೂಲಿ ಬೇಕು. ಬಂದವನನ್ನು ಬಾರದಿರೆಂದು ಹೇಳುವವರಾರು? ಬಂದವನು ನೋಡಲಿ ಎಂಬದಷ್ಟೇ ಇಲ್ಲಿಯ ವಾದ.

ಎರಡನೆಯದು, ಚಿತ್ರವಿದ್ದರೆ ನೆನಪು ಉಳಿಯುವದೆಂಬದು. ಇದು ಮೇಲುನೋಟಕ್ಕೆ ಬಲವಾಗಿ ಕಂಡರೂ ಪರೀಕ್ಷೆಗೆ ನಿಲ್ಲಲಿಲ್ಲ. ಅಮೇರಿಕೆಯ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆಯು ವಿದ್ಯಾರ್ಥಿಗಳನ್ನು ಕಲಾಸಂಗ್ರಹಾಲಯದಲ್ಲಿ ತಿರುಗಾಡಿಸಿ, ಕೆಲವು ವಸ್ತುಗಳ ಫೋಟೋ ತೆಗೆಯಿರಿ, ಕೆಲವನ್ನು ಬರಿದೆ ನೋಡಿರಿ ಎಂದು ಹೇಳಿ, ಮರುದಿನ ಅವರ ನೆನಪನ್ನು ಶೋಧಿಸಿ, 2014ರಲ್ಲಿ ಅದರ ಫಲವನ್ನು ಪ್ರಕಟಿಸಿದಳು. ಫೋಟೋ ತೆಗೆದ ವಸ್ತುಗಳಿಗಿಂತ ಬರಿಗಣ್ಣಿನಿಂದ ನೋಡಿದವುಗಳೇ ಹೆಚ್ಚಾಗಿ ನೆನಪಿನಲ್ಲಿದ್ದವು. ಯಂತ್ರವು ಇಟ್ಟುಕೊಳ್ಳುವದೆಂಬ ನೆಚ್ಚಿಕೆಯಿಂದ ಮನಸ್ಸು ಕೈಬಿಡುವದು. ಅಡಕಲಗಡಿಗೆಯಲ್ಲಿ ಇಟ್ಟ ವಸ್ತುವನ್ನು ಮನೆಯಾಕೆಯು ಮರೆಯುವಂತೆ. ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿದೆ, ಅದನ್ನು ಮುಚ್ಚಿಡಬಾರದು: ವಸ್ತುವಿನ ಯಾವುದಾದರೊಂದು ಭಾಗವನ್ನು ಹತ್ತಿರಕ್ಕೆ ಎಳೆದು ಸೂಕ್ಷ್ಮವಾಗಿ ಚಿತ್ರ ತೆಗೆದವರಿಗೆ ಈ ನಷ್ಟವು ಆಗಲಿಲ್ಲ. ಅಂದ ಮೇಲೆ ಅಪರಾಧವು ಯಂತ್ರದ್ದಲ್ಲ, ಅದನ್ನು ಎತ್ತಿದ ಮನಸ್ಸಿನದು.

ಯಂತ್ರವನ್ನೇ ಹಳಿಯುವವರು ಇನ್ನೊಂದನ್ನು ಮರೆಯಬಾರದು. ಧಾರವಾಡ ಪ್ರಾಂತದ ಗುಡಿಗಳ ಕೀರ್ತಿಯು ಪಶ್ಚಿಮಕ್ಕೆ ಹಬ್ಬಿದ್ದೂ ಛಾಯಾಚಿತ್ರದಿಂದಲೇ. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಿದ್ದವು. ಭಾರವಾದ ಪೆಟ್ಟಿಗೆ, ಗಾಜಿನ ಹಲಗೆ, ಔಷಧದ ಬಾಟಲಿ ಇವುಗಳನ್ನು ಹೊರಿಸಿಕೊಂಡು ಬಿಸಿಲಲ್ಲಿ ಅಲೆಯುತ್ತಿದ್ದ ಆ ಕಾಲದ ಛಾಯಾಗ್ರಾಹಕರಿಗೆ ಒಂದೊಂದು ಚಿತ್ರವೂ ದುಬಾರಿ; ಆದಕಾರಣ ತೆಗೆಯುವ ಮುಂಚೆ ಗುಡಿಯನ್ನು ಸುತ್ತಿ ನೋಡಬೇಕಾಗುತ್ತಿತ್ತು. ಅಂದು ಗುಡಿಯ ಮಗ್ಗುಲಿಗೆ ಮನುಷ್ಯನನ್ನು ನಿಲ್ಲಿಸಿದರೆ ಅದು ಗುಡಿಯ ಎತ್ತರವು ತಿಳಿಯಲೆಂದು. ಇಂದು ಗುಡಿಯನ್ನು ಮನುಷ್ಯನ ಮಗ್ಗುಲಿಗೆ ನಿಲ್ಲಿಸುವರು.

ಮೂರನೆಯದು, ಎಳೆಯರ ವಿನೋದಕ್ಕೆ ಮುದುಕರು ಅಡ್ಡಬರಬಾರದೆಂಬದು. ಇದಕ್ಕೆ ಉತ್ತರವನ್ನು ಬ್ಯಾಡಗಿಯ ಗೆಳೆಯನ ಅಜ್ಜಿಯೇ ಕೊಟ್ಟಳು. ಆ ರಾತ್ರಿ ಊಟವಾದ ಮೇಲೆ ಮೊಮ್ಮಗನು ಅವಳಿಗೆ ಚಿತ್ರಗಳನ್ನು ತೋರಿಸುತ್ತ ಕುಳಿತಿದ್ದನು. ಎಂಬತ್ತು ದಾಟಿದ ಮುದುಕಿ, ಶಾಲೆಯ ಮುಖ ಕಂಡವಳಲ್ಲ. ಹತ್ತಿಪ್ಪತ್ತು ಚಿತ್ರಗಳನ್ನು ಸುಮ್ಮನೆ ನೋಡಿ, ಒಂದರಲ್ಲಿ ಅವನ ಕೈ ತಡೆದಳು.

"ಯಪ್ಪಾ, ನಿನ್ನ ಮಾರಿ ನಾ ದಿನಾ ನೋಡ್ತೀನಿ. ಆ ಹಿಂದ ಕುಂತಾಕಿ ಯಾರು? ಆಕಿ ಕೈಯಾಗ ಏನೈತಿ? ಬೀಸೋ ಕಲ್ಲಿನ ಗೂಟನೋ, ಮಜ್ಜಿಗಿ ಕಡಿಯೋ ಹಗ್ಗನೋ? ಚೂರು ಆಕಡೆ ಸರಿ."

"ಅದು ಫೋಟೋ ಬೇ ಅಜ್ಜಿ, ಸರಿಯಾಕ ಬರಂಗಿಲ್ಲ."

"ಹಂಗಾರ ಅಲ್ಲೇ ನೋಡಿದ್ಯೆಲ್ಲ, ನೀನಾ ಹೇಳು."

ಮೊಮ್ಮಗನಿಗೆ ಹೇಳಲು ಬರಲಿಲ್ಲ. ಆ ಪ್ರತಿಮೆಯ ಮೊಣಕೈಯಿಂದ ಕೆಳಗೆಲ್ಲ ಅವನ ಹೆಗಲು ಮುಚ್ಚಿತ್ತು. ಮುದುಕಿಯು ಕಂಡಷ್ಟು ಮೊಣಕೈಯನ್ನೇ ಬಹು ಹೊತ್ತು ದಿಟ್ಟಿಸಿ, ಬೀಸುವಾಗ ತೋಳು ಹೀಗೆ ಬರುತ್ತದೆ, ಕಡೆಯುವಾಗ ಹೀಗೆ ಎಂದು ತನ್ನ ಒಣಗಿದ ತೋಳನ್ನು ಗಾಳಿಯಲ್ಲಿ ಆಡಿಸಿ, ಬೀಸುವವಳೇ ಇರಬೇಕೆಂದು ನಿಶ್ಚಯಿಸಿದಳು. ಅಲ್ಲಿಂದ ಮಾತು ಅವಳ ತವರಿನ ಬೀಸುವ ಕಲ್ಲಿಗೆ ಹೋಯಿತು. ಕಲ್ಲಿನಿಂದ ಕಣಕ್ಕೆ, ಕಣದಿಂದ ಹಂತಿಗೆ, ಹಂತಿಯಿಂದ ಹಗೇವಿಗೆ ಇಳಿಯಿತು. ಹಗೇವನ್ನು ತೆರೆದೊಡನೆ ಒಳಗೆ ಇಳಿಯಬಾರದು, ಕೆಟ್ಟ ಗಾಳಿಯು ಹೋಗುವವರೆಗೆ ತಡೆಯಬೇಕು, ಅವಸರ ಮಾಡಿ ಇಳಿದವರು ಮೇಲಕ್ಕೆ ಬಂದಿಲ್ಲ ಎಂಬದನ್ನು ಮೊಮ್ಮಗನು ಮೊದಲ ಸಲ ಕೇಳಿದನು. ಇದೆಲ್ಲವೂ ಅರ್ಧ ಮೊಣಕೈಯ ಪ್ರಸಾದ. ಇಡಿಯ ಪ್ರತಿಮೆಯು ಅವಳಿಗೆ ಕಂಡಿದ್ದರೆ ಏನೇನು ಹೊರಬರುತ್ತಿತ್ತೋ! ಇಂಥ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಇಂಥ ಉದ್ಯಾನಕ್ಕೆ ಗೆಳೆಯರು ಹೋಗುವರೆಂಬದೇ ವಿಷಾದದ ಸಂಗತಿ. ಅಲ್ಲಿಯ ಫಲಕಗಳನ್ನು ಓದಲಾರದವಳೇ ಅಲ್ಲಿಯ ಪ್ರತಿಮೆಗಳನ್ನು ಓದಬಲ್ಲವಳು. ಅವಳ ಸಾಲಿನವರು ಇನ್ನು ಬಹು ಕಾಲ ಇರುವವರಲ್ಲ.

ಮರಳಿ ಬರುವ ದಾರಿಯಲ್ಲಿಯೇ ಬಂಕಾಪುರವಿದೆ. ಗುಣಭದ್ರಾಚಾರ್ಯನ ಉತ್ತರಪುರಾಣದ ಪ್ರಶಸ್ತಿಯಲ್ಲಿ ಹೆಸರುಗೊಂಡ ಊರು ಅದು. ಗಂಗರ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡದ್ದೂ ಅಲ್ಲಿಯೇ. ಅಲ್ಲಿಯ ಕೋಟೆಯೊಳಗೆ ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರ ದೇವಾಲಯವುಂಟು. ಆ ನುಣುಪಾದ ಕಂಬಗಳ ನಡುವೆ ನಿಂತವನಿಗೆ ಕಲ್ಲನ್ನು ಹೀಗೂ ತಿರುಗಿಸಬಹುದೇ ಎಂಬ ಬೆರಗು ಹುಟ್ಟದೆ ಇರದು. ಅಂದು ಮಧ್ಯಾಹ್ನ ಗೆಳೆಯರು ಊಟಕ್ಕೆ ಹೆದ್ದಾರಿಯಲ್ಲಿ ನಿಂತರು. ಕ್ರಾಸಿನಲ್ಲಿ ತಿರುಗುವ ಮಾತನ್ನು ರಾಣೇಬೆನ್ನೂರಿನವನು ಎತ್ತಿದ್ದೂ ಉಂಟು. ಮೊಬೈಲಿನಲ್ಲಿ ಬ್ಯಾಟರಿ ಉಳಿದಿಲ್ಲವೆಂದು ಬ್ಯಾಡಗಿಯವನು ಹೇಳಿದನು. ಅವರ ಮೋಟಾರು ನೆಟ್ಟಗೆ ಹಾವೇರಿಯ ಕಡೆಗೆ ಸಾಗಿತು.