ಪಕ್ಷಾಂತರಿ ಯಾರು?

ಬಾಲ್ಯದಿಂದ ಚಿತ್ರಕಥೆಗಳನ್ನು ಓದುತ್ತ ಬಂದು, ತಲೆ ನರೆತ ಮೇಲೂ ಆ ಅಭಿರುಚಿಯನ್ನು ಬಿಡದವರು ನಮ್ಮ ಜಿಲ್ಲೆಯಲ್ಲಿ ಅನೇಕರುಂಟು. ವಿದ್ಯಾವಂತ ಕುಟುಂಬಗಳಲ್ಲಿ ಇವರ ಮೇಲೆ ಎರಡು ಆರೋಪಗಳು ಕೇಳಿಬರುತ್ತವೆ. ಇಂಥ ಓದು ಹುಡುಗಾಟವೆಂಬುದು ಮೊದಲನೆಯದು. ಬಯಲಾಟದ ಬಣ್ಣದ ವೇಷವನ್ನು ರಾತ್ರಿಯಿಡೀ ನೋಡಿ ನಲಿದ ನಾಡಿನಲ್ಲಿ ಈ ಮಾತಿಗೆ ಉತ್ತರವೇ ಬೇಡ. ಇವರಿಗೆ ನಿಷ್ಠೆಯಿಲ್ಲ, ಇಂದು ಒಬ್ಬ ಪ್ರಕಾಶಕನ ವೀರನನ್ನು ಹೊಗಳಿ ನಾಳೆ ಮತ್ತೊಬ್ಬನ ಪಾಳೆಯವನ್ನು ಸೇರುವರು ಎಂಬುದು ಎರಡನೆಯದು. ಇದು ಮಾತ್ರ ವಿಚಾರಣೆಗೆ ಯೋಗ್ಯವಾದುದು.

ಶಿವಮೊಗ್ಗೆಯ ಹೊಸಮನೆಯಲ್ಲಾಗಲಿ ಭದ್ರಾವತಿಯ ಹೊಸಮನೆಯಲ್ಲಾಗಲಿ ಇಂಥ ಓದುಗನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದಿತು. ಫ್ಯಾಂಟಮ್, ಮ್ಯಾಂಡ್ರೇಕರು ಅವನ ಮೊದಲ ವೀರರಾದರು. ಅನಂತರ ಅವನು ಅಮರಚಿತ್ರಕಥೆಯನ್ನು ಹಿಡಿದನು. 1976ರಲ್ಲಿ ಆಬಿದ್ ಸುರ್ತಿಯವರ ಬಹಾದ್ದೂರನು ಹುಟ್ಟಿದಾಗ ಪುನಃ ಇಂದ್ರಜಾಲಕ್ಕೆ ಮರಳಿದನು. 1990ರಲ್ಲಿ ಆ ಮಾಲೆಯೇ ನಿಂತಿತು. ಆಮೇಲೆ ಇಂಗ್ಲೀಷಿನ ಮೂಲಕ ಡೀಸಿಯವರ ಸೂಪರ್‌ಮ್ಯಾನನನ್ನೂ ಬ್ಯಾಟ್‌ಮ್ಯಾನನನ್ನೂ, ಕೊನೆಗೆ ಮಾರ್ವೆಲ್‌ನವರ ಸ್ಪೈಡರ್‌ಮ್ಯಾನನನ್ನೂ ಆಶ್ರಯಿಸಿದನು. ಇದನ್ನು ಕಂಡು ಮನೆಯವರು ನಗುತ್ತಾರೆ. ಆದರೆ 1990ರಲ್ಲಿ ಬಿಟ್ಟುಹೋದವರು ಯಾರು? ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಗಿರಾಕಿಯು ಬೇರೆ ಬೀದಿಗೆ ಹೋದರೆ ಅವನನ್ನು ಕೃತಘ್ನನೆನ್ನುವುದು ಯಾವ ನ್ಯಾಯ?

ಇನ್ನು, ಆ ಕಥೆಗಳನ್ನು ಕಟ್ಟಿದವರಾದರೂ ಒಂದೇ ಕಡೆ ನೆಲೆಸಿದ್ದರೇ? ನಮ್ಮ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈಗಳು ಮೊದಲು ಇಂದ್ರಜಾಲದ ಕಾರ್ಯದಲ್ಲಿದ್ದವರು. 1967ರಲ್ಲಿ ಅವರು ಅದನ್ನು ಬಿಟ್ಟು, ಇಂಡಿಯಾ ಬುಕ್ ಹೌಸಿನ ಆಶ್ರಯದಲ್ಲಿ ಅಮರಚಿತ್ರಕಥೆಯನ್ನು ಬೆಳೆಯಿಸಿದರು. ಅವರ ಈ ನಡೆಯನ್ನು ದೇಶವೇ ಕೊಂಡಾಡಿತು. ಅಮೆರಿಕೆಯ ಜಾಕ್ ಕರ್ಬಿ ಎಂಬ ಚಿತ್ರಕಾರನು ಮಾರ್ವೆಲ್‌ನ ಕೀರ್ತಿಗೆ ಮುಖ್ಯ ಕಾರಣರಾದವರಲ್ಲಿ ಒಬ್ಬನು. 1970ರಲ್ಲಿ ಅವನು ಡೀಸಿಗೆ ಹೋದನು, ಕೆಲವು ವರ್ಷಗಳಲ್ಲಿಯೇ ಹಿಂದಿರುಗಿದನು. 1992ರಲ್ಲಿ ಏಳು ಮಂದಿ ಕಲಾವಿದರು ಮಾರ್ವೆಲ್ಲನ್ನು ತೊರೆದು ಇಮೇಜ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಬರೆದವನು ಹೋದ ಕಡೆಗೆ ಓದಿದವನು ಹೋದರೆ ಅದನ್ನು ಚಾಪಲ್ಯವೆನ್ನಲಾಗದು. ಅದೇ ನಿಜವಾದ ನಿಷ್ಠೆಯು.

ಪ್ರಕಾಶಕರ ನಿಷ್ಠೆಯನ್ನೂ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಸೀಗಲ್, ಶುಸ್ಟರ್ ಎಂಬ ಇಬ್ಬರು ತರುಣರಿಗೆ 1938ರಲ್ಲಿ ಆ ವೀರನ ಸರ್ವಸ್ವಾಮ್ಯಕ್ಕಾಗಿ ಸಂದದ್ದು 130 ಡಾಲರು. ಬ್ಯಾಟ್‌ಮ್ಯಾನನ ಸೃಷ್ಟಿಯಲ್ಲಿ ಸಮಭಾಗಿಯಾಗಿದ್ದ ಬಿಲ್ ಫಿಂಗರನು 1974ರಲ್ಲಿ ತೀರಿಕೊಂಡನು. ಸಹಕರ್ತೃವೆಂದು ಅವನ ಹೆಸರು ವಿಧಿವತ್ತಾಗಿ ಅಚ್ಚಾದುದು 2015ರಲ್ಲಿ. ಮಾರ್ವೆಲ್ ಸಂಸ್ಥೆಯೇ 2009ರಲ್ಲಿ ಡಿಸ್ನಿಯವರಿಗೆ ವಿಕ್ರಯವಾಯಿತು. ತನ್ನನ್ನೇ ಮಾರಿಕೊಳ್ಳುವ ಮನೆಯು ಓದುಗನಿಂದ ಏಕಪತ್ನೀವ್ರತವನ್ನು ಕೇಳುವುದು ಹಾಸ್ಯಾಸ್ಪದವಲ್ಲವೆ?

ಹಾಗಾದರೆ ಓದುಗನಿಗೆ ಋಣವೇ ಇಲ್ಲವೆ ಎಂದು ಕೇಳುವವರುಂಟು. ಇದೆ, ಅದು ಎರಡು ಬಗೆಯದು. ಒಂದು, ಕಥೆಯನ್ನು ಹೆಣೆದ ಮತ್ತು ಚಿತ್ರವನ್ನು ಬರೆದ ಕೈಗೆ ಸಲ್ಲತಕ್ಕದ್ದು. ಇನ್ನೊಂದು, ಅವನಿಗೆ ಓದಲು ಕಲಿಸಿದ ಭಾಷೆಗೆ ಸಲ್ಲತಕ್ಕದ್ದು. ಈ ಎರಡನೆಯ ಋಣದ ವಿಷಯದಲ್ಲಿ ನಮ್ಮ ಓದುಗನು ನಿರ್ದೋಷಿಯೆಂದು ಹೇಳುವಂತಿಲ್ಲ. ಮಾರ್ವೆಲ್ ಮೇಲೋ ಡೀಸಿ ಮೇಲೋ ಎಂದು ಗಂಟೆಗಟ್ಟಲೆ ವಾದಿಸುವವನು, ಕನ್ನಡದ ಚಿತ್ರಕಥೆಯೊಂದಕ್ಕಾಗಿ ಪುಸ್ತಕದ ಅಂಗಡಿಯಲ್ಲಿ ಒಮ್ಮೆಯಾದರೂ ವಿಚಾರಿಸಿದ್ದಾನೆಯೆ? ಅಮರಚಿತ್ರಕಥೆಯ ಮೊದಲ ಹತ್ತು ಸಂಖ್ಯೆಗಳು ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಹೊರಬಂದ ಪಾಶ್ಚಾತ್ಯ ಕಥೆಗಳು. ಪ್ರಸಿದ್ಧವಾದ ‘ಕೃಷ್ಣ’ಕ್ಕೆ ದೊರೆತದ್ದು ಹನ್ನೊಂದನೆಯ ಸಂಖ್ಯೆ. ದೇಶದ ದೊಡ್ಡ ಚಿತ್ರಕಥಾಮಾಲೆಯೊಂದು ನಮ್ಮ ನುಡಿಯಲ್ಲಿ ಮೊದಲ ಹೆಜ್ಜೆಯಿಟ್ಟಿತೆಂಬುದು ಎಷ್ಟು ಮನೆಗಳಿಗೆ ತಿಳಿದಿದೆ? 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮವೂ ಇಂದು ಇಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳೂ ನಿಂತಿವೆ. ಕಾಗದವನ್ನು ತಯಾರಿಸಿದ ಊರಿನ ಮಗುವಿಗೆ ತನ್ನ ನುಡಿಯಲ್ಲಿ ಮಾತಾಡುವ ವೀರನೊಬ್ಬನು ಕಾಗದದ ಮೇಲೆ ಸಿಕ್ಕುವುದು ದುರ್ಲಭವಾಗಿದೆ.

ಇದರಲ್ಲಿ ದೊಡ್ಡವರ ಪಾಲೂ ಉಂಟು. ಚಿತ್ರವಿರುವ ಪುಸ್ತಕವನ್ನು ಮಗುವಿನ ಕೈಯಿಂದ ಕಿತ್ತುಕೊಂಡು, ಬೇಕಾದರೆ ಇಂಗ್ಲೀಷಾದರೂ ಬರಲೆಂದು ಇಂಗ್ಲೀಷಿನದನ್ನು ಮಾತ್ರ ಕೊಳ್ಳಲು ಒಪ್ಪಿದವರು ಅವರೇ. ಕೊಳ್ಳುವವರಿಲ್ಲದೆ ಅಚ್ಚುಹಾಕುವವರಿಲ್ಲ, ಅಚ್ಚುಹಾಕುವವರಿಲ್ಲದೆ ಬರೆಯುವವರು ಉಳಿಯುವುದಿಲ್ಲ. ಆದುದರಿಂದ ಓದುಗನ ಪಕ್ಷಾಂತರವನ್ನು ಕಂಡು ನಗುವ ಗೃಹಸ್ಥರು ಮೊದಲು ತಮ್ಮ ಮನೆಯ ಪುಸ್ತಕದ ಕಪಾಟನ್ನು ತೆರೆದು ನೋಡಲಿ. ಗ್ರಂಥಾಲಯಗಳವರು ಮಕ್ಕಳ ವಿಭಾಗದಲ್ಲಿ ಕನ್ನಡದ ಚಿತ್ರಕಥೆಗೊಂದು ಸಾಲನ್ನು ಮೀಸಲಿಡಲಿ. ಓದುಗನು ಡೀಸಿಯಿಂದ ಮಾರ್ವೆಲ್ಲಿಗೆ, ಮಾರ್ವೆಲ್ಲಿನಿಂದ ಡೀಸಿಗೆ ನೂರು ಸಾರಿ ಹೋಗಿಬರಲಿ, ಬಾಧಕವಿಲ್ಲ. ಕನ್ನಡದಿಂದ ಹೋದವನಿಗೆ ಹಿಂದಿರುಗಲು ಒಂದು ಪುಸ್ತಕವಾದರೂ ಇಲ್ಲಿರಬೇಕು.